ಒಂದು ಮೊರ ತೌಡು

ಚರಕದ ಕಿರ್ ಕಿರ್ ಸದ್ದು ನಿಂತಿತೆಂದರೆ ಎದುರುಮನೆ ಅಕ್ಕನ ಕೂಗು ಶುರು: "ತಿಪ್ಪೀ, ರಾವೇ! ಬೇಗ ಬಾರೇ, ಮುದ್ದೆ ಆರೋಗ್ತದೆ!"

ಎಂಬತ್ತರ ದಶಕದಲ್ಲಿ ನಾವು ಶಿಡ್ಲಘಟ್ಟದ ಆ ಬೀದಿಗೆ ಬಂದಾಗ ಅಕ್ಕ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದಳು. ಬಿಸಿನೀರಲ್ಲಿ ನೆನೆದೂ ನೆನೆದೂ ಬೆರಳುಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಆ ಬೆರಳುಗಳಲ್ಲೇ ಮಗಳು ತಿಪ್ಪಿಗೆ ಎರಡು ಜಡೆ ಹೆಣೆದು ಸ್ಕೂಲಿಗೆ ಕಳಿಸುವಳು.

ಕಾನ್ವೆಂಟಿನಲ್ಲಿ ಓದಿದ ನನಗೆ ಆ ಹೆಸರು ತೀರಾ ಅಗ್ಲಿ ಅನ್ನಿಸಿತ್ತು. "ಇಷ್ಟು ಲಕ್ಷಣವಾದ ಹುಡುಗಿಗೆ ತಿಪ್ಪಮ್ಮ ಅಂತ ಯಾಕಕ್ಕಾ ಇಟ್ರಿ?" ಎಂದೆ.

"ಚೆಂದದ ಹೆಸರಿಟ್ಟವೆಲ್ಲ ತೊಟ್ಲಲ್ಲೇ ಹೋದ್ವು ಕಣಮ್ಮ. ಇವಳನ್ನ ಹುಟ್ಟಿದ ದಿನಾನೇ ತಿಪ್ಪೆ ಮೇಲೆ ಹಾಕಿದ್ವಿ. ಪಕ್ಕದ್ಮನೆಯೋಳು ಎತ್ಕೊಂಡ್ಳು. ಒಂದು ಮೊರ ತೌಡು ಕೊಟ್ಟು ನಾನು ಕೊಂಡ್ಕೊಂಡೆ. ಯಾರಿಗೂ ಬೇಡದ್ದು ಅಂದ್ರೆ ಸಾವೂ ಮೂಸಲ್ಲ." ಆಮೇಲೆ ನಕ್ಕಳು. "ನೋಡಿ, ನನ್ ಮಗಳ ರೇಟು!"

ತಿಪ್ಪಿ ಮದುವೆಯ ವಯಸ್ಸಿಗೆ ಬಂದಳು. ಗೌರಿಬಿದನೂರಿನ ಹತ್ತಿರದ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿದ್ದ ಹುಡುಗನ ಮನೆಯವರು ಹುಡುಗಿಯನ್ನು ಒಪ್ಪಿದರು, ಹೆಸರನ್ನು ಒಪ್ಪಲಿಲ್ಲ. ಲಗ್ನಪತ್ರಿಕೆಯಲ್ಲಿ ರೂಪಶ್ರೀ ಎಂದು ಪ್ರಿಂಟಾಯಿತು. ಅಕ್ಕ ಬೀಗಿತ್ತಿಯ ಕೈ ಹಿಡಿದುಕೊಂಡಳು: "ಪತ್ರಿಕೇಲಿ ಏನಾದ್ರೂ ಇರ್ಲಿ, ಮನೇಲಿ ತಿಪ್ಪಿ ಅಂತ್ಲೇ ಕರೀರಿ."

"ನಮ್ಮನೇಲಿ ತಿಪ್ಪೆ ಹಿತ್ಲಲ್ಲಿರ್ತದಮ್ಮ, ಒಳಕ್ಕೆ ತರಲ್ಲ," ಎಂದಳು ಬೀಗಿತ್ತಿ. ಎಲ್ಲರೂ ನಕ್ಕರು.

ಬಸುರಿಯನ್ನು ಅವರು ತವರಿಗೂ ಕಳಿಸಲಿಲ್ಲ. ಹುಳದ ವಾಸನೆಯ ಮನೆಯಂತೆ. ಗೌರಿಬಿದನೂರಿನಲ್ಲೇ ಡೆಲಿವರಿಯಾಯಿತು. ಹೆಣ್ಣುಮಗು ಉಳಿಯಿತು, ತಾಯಿ ಉಳಿಯಲಿಲ್ಲ.

"ಬ್ಲೀಡಿಂಗ್‌ನಿಂದ ಹೋಗಿದ್ದು ಅಕ್ಕಾ, ಹೆಸರು ಬದಲಾಯಿಸಿದ್ರಿಂದಲ್ಲ. ಇದೆಲ್ಲ ಸೂಪರ್‌ಸ್ಟಿಷನ್," ಎಂದೆ.

"ಇರ್ಬೋದು ಕಣಮ್ಮ. ಆದ್ರೆ ಸಾಯೋವಾಗ ಅವಳನ್ನ ಅವಳ ಹೆಸರು ಹಿಡ್ದು ಕೂಗೋಕೆ ಅಲ್ಲಿ ಒಬ್ರೂ ಇರ್ಲಿಲ್ವಲ್ಲ."

ಆಮೇಲೆ ಚರಕದ ಸದ್ದು ಕೇಳಲಿಲ್ಲ.

ಮೊಮ್ಮಗಳಿಗೆ ಹೆಸರಿಡುವ ದಿನ ಬೆಳಿಗ್ಗೆ ಅಕ್ಕ ಮೊರದ ತುಂಬ ತೌಡು ಸುರಿದು, ಹಳೆಯ ಸೀರೆಯ ತುಂಡಿನಲ್ಲಿ ಬಿಗಿದು ಕಟ್ಟಿ ಬೀಗರ ಮನೆಗೆ ಹೊರಟಳು. "ಕೂಸನ್ನ ಕೊಂಡ್ಕೊಂಡು ತಿಪ್ಪಿ ಅಂತ ಹೆಸರಿಟ್ಟು ಬರ್ತೀನಿ. ಆಮೇಲೆ ಬೇಕಾದ್ರೆ ಅವ್ರೇ ಸಾಕ್ಕೊಳ್ಳಿ."

ನಮಗಾಗಲೇ ಟ್ರಾನ್ಸ್‌ಫರ್ ಆಗಿತ್ತು. ಅದೇ ಸಂಜೆ ಲಗೇಜು ಸಮೇತ ಬೆಂಗಳೂರು ಬಸ್ಸಿಗೆ ಕಾಯುತ್ತಿದ್ದೆವು. ಚಿಕ್ಕಬಳ್ಳಾಪುರದ ಬಸ್ಸಿನಿಂದ ಅಕ್ಕ ಇಳಿದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ. ಕಂಕುಳಲ್ಲಿ ಮೊರವಿತ್ತು. ಕಟ್ಟು ಬಿಚ್ಚಿರಲಿಲ್ಲ.

"ಕೊಡ್ಲಿಲ್ಲ ಕಣಮ್ಮ," ಎಂದಳು. "ತುಂಬಾ ಚೆಂದದ ಹೆಸರಿಟ್ಬಿಟ್ಟವ್ರೆ."