ಹಾಲಿನ ನೆಪದ ನಡಿಗೆ

ಮುತ್ತಿನಕೊಪ್ಪದಲ್ಲಿ ಸುಮ್ಮನೆ ನಡೆಯಲು ಬಿಡುವುದಿಲ್ಲ. ನಮ್ಮ ಹುನಗುಂದದ ಕಡೆಯವರಾದ ನೀವು ಇದನ್ನು ನಂಬಲಿಕ್ಕಿಲ್ಲ, ನಾನೂ ನಂಬಿರಲಿಲ್ಲ. ಹೊಸ ಕ್ಯಾನ್ವಾಸ್ ಬೂಟು ಹಾಕಿಕೊಂಡು, ನೆರಿಗೆ ಎತ್ತಿ ಸಿಕ್ಕಿಸಿ, ಬೆಳಿಗ್ಗೆ ರಸ್ತೆಗಿಳಿದ ಮೊದಲನೆಯ ದಿನವೇ ಜೀಪೊಂದು ಪಕ್ಕಕ್ಕೆ ಬಂದು ನಿಂತಿತು. ಓಡಿಸುತ್ತಿದ್ದವನ ಮಗಳು ನನ್ನ ಕ್ಲಾಸಿನಲ್ಲೇ ಓದುತ್ತಿದ್ದಳು.

"ಹತ್ತಿ ಟೀಚರ್."

"ಬ್ಯಾಡ್ರಿ, ನಡಕೋತ ಹೊಂಟೀನಿ."

"ಎಲ್ಲಿಗೆ?"

"ಎಲ್ಲಿಗೂ ಇಲ್ರಿ."

ಆತ ಎಂಜಿನ್ ಆರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಎಲ್ಲಿಗೂ ಹೋಗದಿದ್ರೆ ಎಂತಕ್ಕೆ ನಡೀತೀರಿ ಮಾರಾಯ್ರೆ? ಹತ್ತಿ, ಹತ್ತಿ, ಸಂಕೋಚ ಎಂತದು!"

ಹಿಂದಿನ ಸೀಟಿನ ಹೆಂಗಸರು ಆಗಲೇ ಒತ್ತಿಕೊಂಡು ಜಾಗ ಮಾಡಿದ್ದರು. ಹತ್ತಿದೆ. ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ, ದುಡ್ಡು ತೆಗೆದುಕೊಳ್ಳದೆ ಹೋದ. ತೂಕ ಇಳಿಸಲು ಹೊರಟವಳು ಜೀಪಿನಲ್ಲಿ ಹೋಗಿ ಬಸ್ಸಿನಲ್ಲಿ ವಾಪಸು ಬಂದೆ. ಅವತ್ತು ಶಾಲೆಯ ಬೆಲ್ಲೂ ತಪ್ಪಿತು.

ನಾನು ಇಲ್ಲಿಯ ಸರ್ಕಾರಿ ಪ್ರೌಢಶಾಲೆಗೆ ಕನ್ನಡ ಕಲಿಸಲು ಬಂದವಳು. ಬಂದ ಹೊಸದರಲ್ಲಿ ಕಣ್ಣಿಗೇ ಉಸಿರು ಕಟ್ಟಿದಂತಾಗುತ್ತಿತ್ತು. ನಮ್ಮಲ್ಲಿ ಮನೆಯ ಕಟ್ಟೆಯ ಮೇಲೆ ಕೂತರೆ ಮುಂದಿನ ಊರಿನ ಬೇವಿನ ಮರ ಕಾಣುತ್ತದೆ, ಬರುವ ಬಸ್ಸಿನ ಧೂಳು ಮೊದಲು ಕಂಡು ಆಮೇಲೆ ಬಸ್ಸು ಕಾಣುತ್ತದೆ. ಇಲ್ಲಿ ರಸ್ತೆ ನಾಲ್ಕು ಮಾರು ಹೋಗುವಷ್ಟರಲ್ಲಿ ತಿರುಗಿಬಿಡುತ್ತದೆ. ನೋಟಕ್ಕೆ ಹೋಗಲು ಜಾಗವಿಲ್ಲದೆ ನಾನು ಬಾಡಿಗೆ ಕೋಣೆಯ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಿದ್ದೆ. ಅಷ್ಟೇ ಆಗ ನನ್ನ ವ್ಯಾಯಾಮ.

ಊಟದ ಕಥೆ ಬೇರೆ. ಬರುವಾಗ ಚೀಲದಲ್ಲಿ ತಂದ ಜೋಳ ಮುಗಿಯಿತು. ಹಿಟ್ಟಿನ ಗಿರಣಿಯವನನ್ನು ಕೇಳಿದರೆ, ಜೋಳ ಅಂದರೆ ಕೋಳಿಗೆ ಹಾಕುವುದಾ ಎಂದು ನನ್ನನ್ನೇ ತಿರುಗಿ ಕೇಳಿದ. ಎರಡೂ ಕೈಯಿಂದ ರೊಟ್ಟಿ ಬಡಿಯುತ್ತಿದ್ದವಳು ಬೆಳಿಗ್ಗೆ ಅಕ್ಕಿಯ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಉಣ್ಣತೊಡಗಿದೆ. ಒಂಟಿತನಕ್ಕೆ ಹೊಟ್ಟೆಯೇ ದಾರಿ. ಶಾಲೆಯಿಂದ ಬಂದು ಬೇಕರಿಯ ಪೊಟ್ಟಣ ಬಿಚ್ಚಿದರೆ ಅದು ಮುಗಿಯುವತನಕ ಯಾರ ನೆನಪೂ ಬರುತ್ತಿರಲಿಲ್ಲ. ಕುಪ್ಪಸಗಳ ಹೊಲಿಗೆ ಬಿಚ್ಚಿಸಿದೆ, ಆಮೇಲೆ ಹೊಸವನ್ನೇ ಹೊಲಿಸಿದೆ.

ಕೊಪ್ಪದ ಡಾಕ್ಟರ ಹತ್ತಿರ ಹೋದದ್ದು ಬೆನ್ನಿನ ಮೇಲೆ ಎದ್ದ ಒಂದು ಕುರುವಿಗೆ. ಅದು ಮಾಯುತ್ತಿರಲಿಲ್ಲ. ಅವರು ರಕ್ತ ಪರೀಕ್ಷೆ ಮಾಡಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸಕ್ಕರೆ ಕಾಯಿಲೆ ಶುರುವಾಗ್ತಾ ಇದೆ. ತೂಕ ಇಳಿಸಿ, ದಿನಾ ನಡೀರಿ, ಸಿಹಿ ಬಿಡಿ. ಮಾಡಿದ್ರೆ ಸದ್ಯಕ್ಕೆ ಮಾತ್ರೆ ಬೇಡ. ಮನೇಲಿ ಯಾರಿಗಾದ್ರೂ ಇದೆಯಾ?"

ನಮ್ಮ ಅವ್ವನಿಗೆ ಇದೆ. ಅವಳ ಬಲಗಾಲ ಬೆರಳಿಗೆ ಹೊಲದಲ್ಲಿ ಜಾಲಿಮುಳ್ಳು ಚುಚ್ಚಿತ್ತು. ಅದು ಮಾಯದೆ ಬೆರಳು ತೆಗೆದರು, ಆಮೇಲೆ ಪಾದವನ್ನೇ ತೆಗೆದರು. ಕೊಪ್ಪದಿಂದ ವಾಪಸು ಬರುವ ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ನನ್ನ ಕಾಲನ್ನೇ ನೋಡುತ್ತಿದ್ದೆ. ಅದು ನನಗೆ ಬೇಕು, ಎರಡೂ ಬೇಕು ಎಂದು ಗಟ್ಟಿಯಾಗಿ ಅಳಬೇಕೆನಿಸಿತು.

ಆದರೆ ಯಾರಿಗೂ ಹೇಳಲಿಲ್ಲ. ನನಗೆ ಮೂವತ್ತು ದಾಟಿದ್ದರೂ ಅಣ್ಣ ಇನ್ನೂ ಗಂಡು ನೋಡುತ್ತಿದ್ದ. ಈ ಸುದ್ದಿ ಕಿವಿಗೆ ಬಿದ್ದರೆ ಬರುವವರೂ ಬರುತ್ತಿರಲಿಲ್ಲ. ಅವ್ವನಿಗಂತೂ ಹೇಳುವ ಮಾತೇ ಇಲ್ಲ. ಆಗಿನ್ನೂ ಇಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಭಾನುವಾರ ಎಸ್‌ಟಿಡಿ ಬೂತಿನಲ್ಲಿ ಸರದಿ ಕಾದು ಫೋನು ಮಾಡಿದರೆ ಅವಳದು ಒಂದೇ ಪ್ರಶ್ನೆ: "ವರ್ಗಾ ಯಾವಾಗ ಮಾಡಿಸ್ಕೋತಿ? ನಾ ಸಾಯೂದ್ರಾಗ ಬಂದ ಬಿಡವ್ವ." ನಾನು ಆರಾಮ ಇದ್ದೇನೆ ಎಂದು ಹೇಳಿ ಫೋನು ಇಡುತ್ತಿದ್ದೆ.

ಈ ಊರಿನಲ್ಲಿ ನಡೆಯಬೇಕಾದರೆ ಒಂದು ಕೆಲಸ ಬೇಕು ಎಂದು ನನಗೆ ಆ ಜೀಪಿನ ಪ್ರಸಂಗದಿಂದ ತಿಳಿದಿತ್ತು. ಹಾಗಾಗಿ ಹಾಲು ಹುಡುಕಿದೆ. ಅಂಗಡಿಯಲ್ಲಿ ಪ್ಯಾಕೆಟ್ ಹಾಲು ಸಿಗುತ್ತಿತ್ತು, ಅದು ಬೇಡ. ಬೇಕಂತಲೇ ಗುಡ್ಡದ ಮೇಲಿನ ಮನೆಯನ್ನು ಆರಿಸಿಕೊಂಡೆ. ಅದು ಗುಲಾಬಕ್ಕನ ಮನೆ. ಅವಳೂ ಗಂಡನೂ ಕೆಳಗಿನ ಗೌಡರ ತೋಟಕ್ಕೆ ಕೂಲಿಗೆ ಹೋಗುವವರು, ಮನೆಯಲ್ಲಿ ಒಂದು ಹಸು ಇತ್ತು. ಕೈಯಲ್ಲಿ ಕ್ಯಾನು ಹಿಡಿದದ್ದೇ ತಡ, ಊರು ನನಗೆ ದಾರಿ ಬಿಟ್ಟಿತು. "ಹಾಲಿಗಾ ಟೀಚರ್?" ಎಂದು ಕೇಳುವರು, ಹೂಂ ಎಂದರೆ ಸಮಾಧಾನವಾಗಿ ಮುಂದೆ ಹೋಗುವರು. ಏದುಸಿರು ಬಿಡುತ್ತಾ ಏರು ಹತ್ತಿದರೆ ಮೇಲೆ ಗಾಳಿ ಬೀಸುತ್ತಿತ್ತು, ನೋಟವೂ ಒಂದಿಷ್ಟು ದೂರ ಹೋಗುತ್ತಿತ್ತು. ವಾರಗಳು ಕಳೆದಂತೆ ಹೊಸ ಕುಪ್ಪಸಗಳು ಸಡಿಲಾದವು.

ತೊಡಕು ಬಂದದ್ದು ಕಾಫಿಯಿಂದ. ಇಲ್ಲಿ ಬಾಗಿಲಿಗೆ ಬಂದವರನ್ನು ಕಾಫಿ ಕೊಡದೆ ಕಳಿಸುವುದಿಲ್ಲ, ಅದೂ ಬೆಲ್ಲ ಹಾಕಿ ಕುದಿಸಿದ ಪಾಕದಂಥ ಕಾಫಿ.

"ಒಳಗೆ ಬನ್ನಿ ಟೀಚರ್, ಒಂದು ಲೋಟ ಕುಡ್ಕಂಡು ಹೋಗಿ," ಎನ್ನುತ್ತಿದ್ದಳು ಗುಲಾಬಕ್ಕ. ಈಗಷ್ಟೇ ಕುಡಿದೆ ಎಂದೆ. ಮರುದಿನ ಉಪವಾಸ ಎಂದೆ. ಇನ್ನೊಂದು ದಿನ ಪಿತ್ತ ಎಂದೆ. ಒಂದು ಸುಳ್ಳು ಹಳೆಯದಾದ ಮೇಲೆ ಇನ್ನೊಂದು. ಕರೆಯುವ ಅವಳ ದನಿ ದಿನದಿಂದ ದಿನಕ್ಕೆ ಸಣ್ಣದಾಗುತ್ತಾ ಹೋದದ್ದನ್ನು ನಾನು ಗಮನಿಸಲಿಲ್ಲ.

ಒಂದು ಭಾನುವಾರ ಕರೆದರೆಂದು ಹೋದ ಗೌಡರ ಮನೆಯಲ್ಲಿ ಅವರ ವಯಸ್ಸಾದ ತಾಯಿ ಕೈ ಹಿಡಿದು ಕೂರಿಸಿ ಲೋಟ ಕೊಟ್ಟರು. ಹಿರಿಯರು, ಕೈಯಿಂದ ಕೈಗೇ ಇಟ್ಟುಬಿಟ್ಟರು. ಎರಡು ಗುಟುಕು ಕುಡಿದೆ. ಅಂಗಳದ ಆ ತುದಿಯಲ್ಲಿ ಸೌದೆ ಪೇರಿಸುತ್ತಿದ್ದ ಗುಲಾಬಕ್ಕನನ್ನು ನೋಡಿ ನಕ್ಕೆ. ಅವಳು ನಗಲಿಲ್ಲ.

ಮರುದಿನ ನಾನು ಹೋದಾಗ ದಣಪೆ ಹಾಕಿತ್ತು. ದಣಪೆ ಎಂದರೆ ಅಂಗಳಕ್ಕೆ ದನ ನುಗ್ಗದಂತೆ ಬಿದಿರಿನ ಗಳಗಳನ್ನು ಅಡ್ಡ ಹಾಕುವ ಬಾಗಿಲು. ನಾನು ಬರುವ ಹೊತ್ತಿಗೆ ಅವಳು ಅದನ್ನು ಸರಿಸಿಟ್ಟಿರುತ್ತಿದ್ದಳು. ಅವತ್ತು ಆಚೆಯಿಂದಲೇ ನನ್ನ ಕ್ಯಾನಿಗೆ ಹಾಲು ಹೊಯ್ದಳು.

"ಗುಲಾಬಕ್ಕ, ಯಾಕ ಆರಾಮಿಲ್ಲೇನು?"

"ನಂಗೆಂತ ಆಗಿದೆ? ಗೌಡ್ರ ಮನೇಲಿ ನಿಮಗೆ ಉಪವಾಸ ಇರ್ಲಿಲ್ಲ." ಹಾಲಿನ ಪಾತ್ರೆಯನ್ನು ಸೊಂಟಕ್ಕಿಟ್ಟುಕೊಂಡಳು. "ನಮ್ಮನೆ ಹಾಲು ಆಗ್ತದೆ, ಕಾಫಿ ಆಗಲ್ಲ. ಅಲ್ದಾ ಟೀಚರ್?"

ಮುಖಕ್ಕೆ ಬಾರಿಸಿದಂತಾಯಿತು. ನಾನು ಲಿಂಗಾಯತರ ಮನೆಯ ಹುಡುಗಿ, ಅವಳು ಕೂಲಿಯವಳು. ನನ್ನ ಸುಳ್ಳುಗಳಿಗೆ ಅವಳಿಗೆ ಬೇರೆ ಯಾವ ಅರ್ಥ ಹೊಳೆಯಬೇಕಿತ್ತು? ನಿಜ ಹೇಳಿದರೆ ಒಂದೇ ಮಾತಿಗೆ ಮುಗಿಯುತ್ತಿತ್ತು. ಆದರೆ ಗುಲಾಬಕ್ಕನ ಬಾಯಿಗೆ ಬಿದ್ದದ್ದು ಸಂಜೆಯೊಳಗೆ ಬಸ್‌ಸ್ಟ್ಯಾಂಡು ಮುಟ್ಟುತ್ತದೆ. ಕ್ಯಾನಿಗೆ ಮುಚ್ಚಳ ಹಾಕಿ ಗುಡ್ಡ ಇಳಿದು ಬಂದುಬಿಟ್ಟೆ. ಆಮೇಲೆ ಕೆಲವು ದಿನ ಪ್ಯಾಕೆಟ್ ಹಾಲು ಕುಡಿಯುತ್ತಾ ಮತ್ತೆ ಕಿಟಕಿಯಿಂದ ಬಾಗಿಲಿಗೆ ಓಡಾಡಿದೆ. ಪಾಠ ಮಾಡುವಾಗಲೂ ಮನಸ್ಸು ಆ ದಣಪೆಯ ಹತ್ತಿರವೇ ಇರುತ್ತಿತ್ತು. ಕಾಲು ಜೋಮು ಹಿಡಿದರೂ ಎದೆ ಧಸಕ್ಕೆನ್ನುತ್ತಿತ್ತು.

ಕಡೆಗೆ ತಡೆಯದೆ ಕ್ಯಾನು ಹಿಡಿದು ಹೊರಟೆ. ಏನು ಹೇಳಬೇಕೆಂದು ಇನ್ನೂ ಗೊತ್ತಿರಲಿಲ್ಲ. ಮಳೆ ಹಿಡಿದಿತ್ತು, ಬೂಟು ಒಣಗಿರಲಿಲ್ಲ, ರಬ್ಬರ್ ಚಪ್ಪಲಿಯಲ್ಲೇ ಏರು ಹತ್ತಿದೆ. ದಣಪೆಯ ಹತ್ತಿರ ನಿಂತು ಕೆಳಗೆ ನೋಡಿದರೆ ಬಲಗಾಲಿನ ಬೆರಳ ಸಂದಿಯಿಂದ ರಕ್ತ ಹರಿದು ಚಪ್ಪಲಿ ತುಂಬಿತ್ತು. ಇಲ್ಲಿ ಉಂಬಳ ಎನ್ನುತ್ತಾರೆ, ನಮ್ಮ ಕಡೆ ಕಾಣದ ನೆಲದ ಜಿಗಣೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ರಕ್ತ ಬೇಗ ನಿಲ್ಲುವುದೂ ಇಲ್ಲ. ನನಗೆ ಕಂಡದ್ದು ಅವ್ವನ ಕಾಲು, ಅದೇ ಬಲಗಾಲು. ಕೆಸರಿನಲ್ಲೇ ಕೂತುಬಿಟ್ಟೆ.

ಗುಲಾಬಕ್ಕ ಓಡಿ ಬಂದಳು. "ಎಂತ ಟೀಚರ್ ಇದು, ಉಂಬಳಕ್ಕೆ ಹಿಂಗೆ ಹೆದರೋದಾ?" ಎಂದು ಉಂಬಳ ಕಿತ್ತೆಸೆದು, ಎಲೆಯಡಿಕೆಯ ಸುಣ್ಣ ಒತ್ತಿದಳು.

"ನನಗ ಸಕ್ಕರಿ ರೋಗ ಐತಿ ಗುಲಾಬಕ್ಕ," ಎಂದೆ. ಮಾತು ತಾನಾಗಿ ಹೊರಬಿತ್ತು. "ನಮ್ಮವ್ವಂದು ಇದರಾಗ ಪಾದ ತಗದಾರ. ಅದಕ್ಕ ಕಾಫಿ ಒಲ್ಲೆ ಅಂದೆ. ನಿನ್ನ ಮನಿದು ಅಂತಲ್ಲ, ನನ್ನಾಣೆ."

ಅವಳು ಸುಣ್ಣದ ಬೆರಳನ್ನು ತೆಗೆಯಲಿಲ್ಲ.

"ಇಷ್ಟು ಹೇಳಕ್ಕೆ ಎಂತಾಗಿತ್ತು ನಿಮಗೆ?" ಎಂದಳು ಆಮೇಲೆ, ಸಿಟ್ಟಿನಿಂದಲೇ. "ನಾನು ದಿನಾ ಲೋಟ ಎರಡೆರಡು ಸಲ ತೊಳೀತಿದ್ದೆ."

ನಾನು ಅತ್ತೆ. ಅವಳು ಒಳಗೆ ಕರೆದುಕೊಂಡು ಹೋಗಿ ಒಲೆಯ ಮುಂದೆ ಕೂರಿಸಿ ಲೋಟ ತಂದಳು. "ಹೆದರ್ಬೇಡಿ, ಸಕ್ಕರೆ ಒಂದು ಕಾಳೂ ಹಾಕ್ಲಿಲ್ಲ. ಬರೀ ಬೆಲ್ಲ."

ಅಳುತ್ತಿದ್ದವಳಿಗೆ ನಗು ಬಂತು. ಬೆಲ್ಲವೂ ಅದೇ ಎಂದು ಅವತ್ತು ಹೇಳಲಿಲ್ಲ, ತಳದವರೆಗೂ ಕುಡಿದೆ. ಮರುದಿನ ಹೇಳಿದೆ. "ಬೆಲ್ಲ ತಂಪು, ಅದಕ್ಕೆಂತದೂ ಆಗಲ್ಲ," ಎಂದು ವಾದ ಮಾಡಿದಳು, ಸೋಲಲಿಲ್ಲ, ಆದರೆ ಅಂದಿನಿಂದ ಬೆಲ್ಲ ಹಾಕದ ಕಾಫಿ ಕೊಟ್ಟು ನಾನು ಮುಖ ಹಿಂಡುವುದನ್ನು ನೋಡಿ ನಗುತ್ತಿದ್ದಳು.

ಹೆದರಿದ್ದಂತೆಯೇ ಆಯಿತು, ಆ ವಾರದೊಳಗೆ ಊರಿಗೆಲ್ಲ ಗೊತ್ತು. ಮೆಂತ್ಯ ನೆನೆಸಿ ತಿನ್ನಿ ಎಂದರು, ಹಾಗಲಕಾಯಿ ರಸ ಎಂದರು, ಬೇಲಿಯಿಂದ ಅಮೃತಬಳ್ಳಿ ಕಿತ್ತು ತಂದುಕೊಟ್ಟರು. ಒಂದು ಬೆಳಿಗ್ಗೆ ಅದೇ ಜೀಪು ಪಕ್ಕದಲ್ಲಿ ನಿಧಾನವಾಯಿತು.

"ಸಕ್ಕರೆಯಂತೆ ಟೀಚರ್?" ಎಂದು ಕೇಳಿದ ಆತ. "ನಡೀರಿ, ನಡೀರಿ. ನಾನು ಹತ್ತಿಸ್ಕಳ್ಳಲ್ಲ."

ಮುಂದಿನ ಪರೀಕ್ಷೆಯಲ್ಲಿ ಕೊಪ್ಪದ ಡಾಕ್ಟರು ಮಾತ್ರೆ ಬೇಡ, ಹೀಗೇ ನಡೀತಿರಿ ಎಂದರು.

ದಸರಾ ರಜೆಗೆ ಊರಿಗೆ ಹೋದೆ. ಶಿವಮೊಗ್ಗದಲ್ಲಿ ಬಸ್ಸು ಬದಲಿಸುವಾಗ ದೀಪ ಮಿನುಗುವ ತೂಕದ ಯಂತ್ರದ ಮೇಲೆ ನಿಂತು, ಬಂದ ಚೀಟಿಯನ್ನು ಹೆಮ್ಮೆಯಿಂದ ಪರ್ಸಿನಲ್ಲಿಟ್ಟುಕೊಂಡೆ. ಅದನ್ನು ಮನೆಯಲ್ಲಿ ಯಾರಿಗೂ ತೋರಿಸುವಂತಿರಲಿಲ್ಲ. ಹೊರಸಿನ ಮೇಲಿದ್ದ ಅವ್ವ ನನ್ನ ಗಲ್ಲ ಸವರಿ, "ಸೊರಗಿ ಹೋಗೀಯಲ್ಲ ನನ್ನವ್ವ, ಅಲ್ಲಿ ಕೂಳು ಹಾಕೂದಿಲ್ಲೇನು?" ಎಂದು ಕಣ್ಣೀರು ಹಾಕಿದಳು. ಅತ್ತಿಗೆ ತಂದುಕೊಟ್ಟ ಸಿಹಿ ಚಹಾ ಕುಡಿದೆ. ಮುತ್ತಿನಕೊಪ್ಪದ ಜೀಪಿನವನಿಗೂ ಗೊತ್ತಿರುವ ನನ್ನ ರಕ್ತದ ಸುದ್ದಿ ಹುಟ್ಟಿದ ಮನೆಯಲ್ಲಿ ಗೊತ್ತಿಲ್ಲ. ಎಷ್ಟೋ ತಿಂಗಳಿನಿಂದ ಕನಸು ಕಂಡಿದ್ದ ರೊಟ್ಟಿ ತಟ್ಟೆಯಲ್ಲಿತ್ತು, ಆದರೂ ನಾನು ಎಲ್ಲೋ ಬೇರೆಯವರ ಮನೆಯಲ್ಲಿ ಉಣ್ಣುತ್ತಿರುವಂತೆ ಕೂತಿದ್ದೆ.

ಮರುದಿನ ಬೆಳಿಗ್ಗೆ ಕಾಲು ಸುಮ್ಮನಿರಲಿಲ್ಲ. ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟುವಾಗ ಹೊರಸಿನಿಂದ ಅವ್ವ ಕೇಳಿದಳು.

"ಎಲ್ಲಿಗೆ ಹೊಂಟಿ?"

"ಹಾಲಿಗೆ," ಎಂದೆ, ರೂಢಿಯಿಂದ. ಕೈ ಖಾಲಿ ಇತ್ತು.

"ಹಾಲು ಮನ್ಯಾಗ ಐತಲ್ಲ."

ಅವ್ವ ಸೊರಗಿದ ನನ್ನ ಮುಖ ನೋಡಿದಳು, ಖಾಲಿ ಕೈ ನೋಡಿದಳು, ಆಮೇಲೆ ಬಹಳ ಹೊತ್ತು ನನ್ನ ಕಾಲನ್ನೇ ನೋಡಿದಳು.

"ನಿನಗೂ ಬಂತೇನ?"

ಹೂಂ ಎಂದೆ. ಹತ್ತಿರ ಕರೆದು, ಚಪ್ಪಲಿ ಕಳಚಿಸಿ, ನನ್ನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳನ್ನು ಒತ್ತಿ ನೋಡಿದಳು. ಉಂಬಳ ಕಚ್ಚಿದ ಜಾಗದಲ್ಲಿ ಬೆರಳು ನಿಲ್ಲಿಸಿದಳು. ಅದು ಮಾದಿತ್ತು.

"ಅಲ್ಲಿ ದಿನಾ ನಡೀತಿಯೇನು?"

"ನಡೀತೀನವ್ವ. ಗುಡ್ಡ ಹತ್ತತೀನಿ."

ಅವ್ವ ಪಾದವನ್ನು ಮೆಲ್ಲಗೆ ಕೆಳಗಿಟ್ಟಳು. "ಹಂಗಾದ್ರ ವರ್ಗಾ ಬ್ಯಾಡ," ಎಂದಳು. "ಅಲ್ಲೇ ಇರು."