ವಿಭೂತಿ ಬಳಿದ ನಂಬರು

ಐವತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆಯ ಗೇಟಿನಲ್ಲಿ ವಾಹನ ತಪಾಸಣೆಯ ಕೆಲಸಕ್ಕಿದ್ದೆ. ಊಟಿಯ ಕಡೆಯಿಂದಲೋ ಗಡಿಯ ಮದ್ದೂರಿನ ಕಾಡು ದಾಟಿಯೋ ಬರುವ ಹೊರರಾಜ್ಯದ ಗಾಡಿ ನಮ್ಮಲ್ಲೇ ಉಳಿದುಬಿಟ್ಟರೆ, ಮೈಸೂರಿನ ನಂಬರು ಪಡೆದು ಇಲ್ಲಿಯ ತೆರಿಗೆ ಕಟ್ಟಬೇಕಿತ್ತು. ದಿನವೂ ಸುಳ್ಳು ಕೇಳಿ ಕೇಳಿ ನಾನು ಯಾರನ್ನೂ ನಂಬದವನಾಗಿದ್ದೆ. ಅದನ್ನೇ ಜಾಣತನವೆಂದು ಬೀಗುತ್ತಿದ್ದೆ.

ಒಂದು ಆಯುಧಪೂಜೆಯ ಮಧ್ಯಾಹ್ನ ಮೇಲಧಿಕಾರಿಗಳು ಹೇಳದೆ ಕೇಳದೆ ಬಂದು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಅಷ್ಟರಲ್ಲಿ ಭೀಮನಬೀಡಿನ ಕಡೆಯಿಂದ ಬಾಳೆಕಂದು ಕಟ್ಟಿದ ಲಾರಿ ಬಂತು. ಅದು ಭಾವನ ಲಾರಿ. ಬೇಸಿಗೆಯಲ್ಲಿ ನೀಲಗಿರಿಯ ತೋಟದವರಿಂದ ಮದ್ರಾಸಿನ ನಂಬರಿನಲ್ಲೇ ಕೊಂಡಿದ್ದ. ಈಗ ಹಿಂದೆ ಮುಂದೆ ಎರಡೂ ಫಲಕಗಳಿಗೆ ವಿಭೂತಿ ದಪ್ಪಗೆ ಮೆತ್ತಿತ್ತು, ಒಂದಕ್ಷರವೂ ಕಾಣದು. ಭಾವನೇ ಓಡಿಸುತ್ತಿದ್ದ, ಅವನ ಪಕ್ಕದಲ್ಲಿ ಅಕ್ಕ ಕೂತಿದ್ದಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಲಾರಿ ಹಿಡಿದರೆ ಅವಳ ಮನೆಬಾಗಿಲು ನನಗೆ ಮುಚ್ಚಿತು, ಬಿಟ್ಟರೆ ನನ್ನ ಕೆಲಸ ಹೋಯಿತು.

"ಕಾಗದ ತೋರಿಸು" ಎಂದೆ.

"ಪೂಜೆಗ ಮಡಗಿವ್ನಿ ಕಣಯ್ಯ. ನಾಳ ಸಂಜೆಗಂಟ ಕದಲ್ಸಂಗಿಲ್ಲ, ನಿಂಗೊತ್ತಿಲ್ವಾ? ಎಲ್ಲಾ ಸರಿಯಾಗದ ಬುಡು" ಎಂದ ಭಾವ.

ಗೊತ್ತಿಲ್ಲದೆ ಏನು. ಪೂಜೆಗಿಟ್ಟ ಪುಸ್ತಕ, ಕಾಗದಗಳನ್ನು ವಿಜಯದಶಮಿ ಮುಗಿಯುವವರೆಗೆ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ಆದರೂ ಆಚಾರದ ಹೆಸರಿನಲ್ಲಿ ಹಳೆಯ ನಂಬರು ಮುಚ್ಚಿ ನನ್ನನ್ನು ಸಿಕ್ಕಿಸುತ್ತಿದ್ದಾನೆ ಎಂದು ಸಿಟ್ಟು ನೆತ್ತಿಗೇರಿತು.

"ಹಾಗಾದರೆ ವಿಭೂತಿ ಒರೆಸು."

"ಪೂಜೆ ಮಾಡಿದ ಕೈಲಿ ನಾ ವರ್ಸಾಕಿಲ್ಲ. ಬೇಕಾದ್ರ ನೀನೇ ವರ್ಸ್ಕೊ."

ಅಧಿಕಾರಿಗಳು ಎದ್ದು ನಿಂತರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನು ಒದ್ದೆ ಬಟ್ಟೆ ಹಿಡಿದು ಬಗ್ಗಿದೆ. ಅಕ್ಕ ಮುಖ ತಿರುಗಿಸಿದಳು. ಒಂದಕ್ಷರ ಕಂಡಿತು, ಇನ್ನೊಂದು ಕಂಡಿತು. ಮೈಸೂರಿನ ನಂಬರು. ಬಣ್ಣ ಇನ್ನೂ ಹೊಸದಾಗಿತ್ತು.

"ಸರಿ, ಹೋಗಲಿ. ಕಾಗದ ನಾಳಿದ್ದು ತಂದು ತೋರಿಸಲಿ" ಎಂದು ಅಧಿಕಾರಿಗಳು ಕುರ್ಚಿಗೆ ಮರಳಿದರು.

ಭಾವ ಎಂಜಿನ್ ಶುರು ಮಾಡಿದ. ಹೇಗೆ ಕ್ಷಮೆ ಕೇಳುವುದೆಂದು ತಿಳಿಯದೆ ನಾನು ಅಕ್ಕನ ಕಡೆ ಹೋದೆ. ಅವಳು ಕಿಟಕಿಯಿಂದ ಬಗ್ಗಿ ಮೆಲ್ಲಗೆ ಹೇಳಿದಳು.

"ನಿನ್ ಕೆಲ್ಸಕ್ಕ ತೊಂದ್ರ ಆಗ್ಬಾರ್ದು ಅಂತ ನಾನೇ ಅಟ ಇಡ್ದು ಓದ್ ತಿಂಗ್ಳು ನಂಬರ್ ಮಾಡ್ಸಿದ್ನಿ ಕಣಪ್ಪ. ನಿಮ್ ಭಾವ ಸರಿಯಾಗದ ಅಂದ್ರೂ ನೀ ನಂಬ್ನಿಲ್ಲ. ನಾ ಯೋಳಿದ್ರಾದ್ರೂ ನಂಬ್ತಿದ್ಯಾ?"

ನಂಬುತ್ತಿರಲಿಲ್ಲ. ನಾನು ತಲೆ ತಗ್ಗಿಸಿ ಗೇಟು ಎತ್ತಲು ಹೋದದ್ದು ನೋಡಿ ಅವಳಿಗೂ ಅದು ಗೊತ್ತಾಯಿತು.