ಚಳಿಗಾಲದ ಟಯರೂ ಅಂಗಾರನ ಮಾತೂ

ಅಂಗಾರನಿಗೆ ನಲವತ್ತಾರು ವರ್ಷ. ಮಂಗಳೂರಿನ ಬೈಕಂಪಾಡಿಯಲ್ಲಿ ಹಳೆ ಟಯರಿಗೆ ಹೊಸ ರಬ್ಬರ್ ಹೊದಿಸಿ ರೀಸೋಲ್ ಮಾಡುವ ಕಾರ್ಖಾನೆಯೊಂದರಲ್ಲಿ ಹದಿನಾರು ವರ್ಷ ದುಡಿದವನು. ಸವೆದ ಲಾರಿ ಟಯರಿನ ಮೇಲೆ ಅಂಗೈ ಸವರಿದರೆ ಸಾಕು, ಅದು ಘಾಟಿ ಹತ್ತಿಳಿದದ್ದೋ ಬಂದರಿನ ಬಯಲಿನಲ್ಲೇ ಓಡಾಡಿದ್ದೋ ಹೇಳಿಬಿಡುತ್ತಿದ್ದ. ಹೆಂಡತಿ ಶುಭಾಳಿಗೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ಊರಿನ ಚಿಪ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದಾಗ ಅವಳ ಹಿಂದೆ ಹೊರಟುಬಂದ. ಆರು ತಿಂಗಳು ಮನೆಯಲ್ಲಿ ಕೂತು, ಡಚ್ ಭಾಷೆ ಕಲಿತು, ಊರಾಚೆಯ ಒಂದು ಟಯರ್ ಅಂಗಡಿಗೆ ಸೇರಿದ. ಕೆಲಸ ಅವನಿಗೆ ಹಿಡಿಸಿತು. ಹಿಡಿಸದೆ ಇದ್ದದ್ದು ಕನ್ನಡಿಗರ ಕೂಟಗಳು.

"ನೀವೂ ಚಿಪ್ ಕಂಪನಿ ಕ್ಯಾಂಪಸ್‌ನಲ್ಲೇನಾ ಸಾರ್?" ಎಂದು ಯಾರಾದರೂ ಕೇಳುತ್ತಿದ್ದರು.

"ಅಲ್ಲ, ಟಯರ್ ಅಂಗಡಿಯಲ್ಲಿ."

"ಓ, ಮ್ಯಾನೇಜ್‌ಮೆಂಟ್ ಸೈಡಾ?"

"ಅಲ್ಲ ಮಾರಾಯ್ರೆ. ಟಯರ್ ತೆಗೆಯುದು, ಹಾಕುದು."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಕೇಳಿದವರಿಗೆ ತಟ್ಟನೆ ಮೊಸರನ್ನದ ನೆನಪಾಗುತ್ತಿತ್ತು, ಇಲ್ಲವೇ ಮಗುವನ್ನು ಹುಡುಕಬೇಕಾಗುತ್ತಿತ್ತು. ಶುಭಾಳ ಸುತ್ತ ಐದಾರು ಜನ ನಿಂತಿರುವಾಗ ಅಂಗಾರ ಕುರ್ಚಿ ಜೋಡಿಸುತ್ತಿದ್ದ, ಪಾತ್ರೆ ಎತ್ತಿಡುತ್ತಿದ್ದ. ಹಾಗೆ ಮೂರು ವರ್ಷ ಕಳೆಯಿತು.

ಕಳೆದ ದೀಪಾವಳಿಯ ಕೂಟ ನಡೆದದ್ದು ನವೆಂಬರ್‌ನ ಮೊದಲ ವಾರ, ಬಾಡಿಗೆಗೆ ಹಿಡಿದ ಹಾಲಿನಲ್ಲಿ. ಹೊರಗೆ ಜಿಟಿಜಿಟಿ ಮಳೆ. ಊಟದ ಸಾಲಿನಲ್ಲಿ ಬೆಂಗಳೂರಿನ ನಿತಿನ್ ಎಂಬವನು ತಟ್ಟೆ ಹಿಡಿದು ಅಂಗಾರನ ಪಕ್ಕ ನಿಂತ. ಎರಡು ವರ್ಷದ ಹಿಂದೆ ಬಂದವನು, ಹೋದ ಬೇಸಿಗೆಯಲ್ಲಿ ಹಳೆಯ ಕಾರೊಂದನ್ನು ಕೊಂಡಿದ್ದ.

"ಅಂಗಾರ ಅವ್ರೇ, ನೀವು ಟಯರ್ ಎಕ್ಸ್‌ಪರ್ಟ್ ಅಲ್ವಾ? ಈ ವಿಂಟರ್ ಟಯರ್ ನಿಜವಾಗ್ಲೂ ಬೇಕಾ, ಇಲ್ಲಾ ಸುಮ್ನೆ ಬಿಸಿನೆಸ್ಸಾ? ಆಫೀಸಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ."

ಸುತ್ತಲಿನವರೂ ಇತ್ತ ತಿರುಗಿದರು. ಎಲ್ಲರಿಗೂ ಅದೇ ಪ್ರಶ್ನೆ ಇತ್ತು. ಅಂಗಾರನ ಎದೆ ಉಬ್ಬಿತು. ಈ ದೇಶಕ್ಕೆ ಬಂದ ಮೇಲೆ ಇಷ್ಟು ಕಣ್ಣುಗಳು ಒಟ್ಟಿಗೆ ಅವನನ್ನು ನೋಡಿದ್ದು ಅದೇ ಮೊದಲು.

ಅವನು ಬಿಡಿಸಿ ಹೇಳಿದ. ಚಳಿ ಏಳು ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆ ಟಯರಿನ ರಬ್ಬರ್ ಬಿಗಿಯುತ್ತದೆ, ಚಳಿಗಾಲದ ರಬ್ಬರ್ ಮೆತ್ತಗಿರುತ್ತದೆ. ಜರ್ಮನಿಯಲ್ಲಿ ಹಿಮ ಬಿದ್ದ ರಸ್ತೆಗೆ ಅದು ಕಡ್ಡಾಯ, ಇಲ್ಲಿ ಕಾನೂನಿಲ್ಲ. "ಇಲ್ಲಿ ಹಿಮ ಬೀಳುದು ವರ್ಷಕ್ಕೆ ಎಷ್ಟು ದಿವಸ? ಬಿದ್ದರೂ ಮಧ್ಯಾಹ್ನಕ್ಕೆ ಕರಗ್ತದೆ. ಹನ್ನೆರಡು ತಿಂಗಳಿಗೂ ಆಗುವ ಆಲ್ ಸೀಸನ್ ಟಯರ್ ಒಳ್ಳೆದು ಹಾಕಿದ್ರೆ ಧಾರಾಳ ಸಾಕು. ನಮ್ಮ ಅಂಗಡಿಯವರು ಕೇಳಿದ್ರೆ ನನ್ನನ್ನು ಓಡಿಸಿಯಾರು!"

ಎಲ್ಲರೂ ನಕ್ಕರು. ಯಾರೋ ಬೆನ್ನು ತಟ್ಟಿದರು.

"ಅಂದ್ರೆ ನಂಗೆ ವಿಂಟರ್ ಟಯರ್ ಬೇಡ ಅಂತೀರಾ?" ನಿತಿನ್ ಕೇಳಿದ.

"ಈ ಊರಿಗೆ ಬೇಡ ಮಾರಾಯ್ರೆ, ಆರಾಮಾಗಿರಿ."

ಅಷ್ಟೇ ನಡೆದದ್ದು. ನಿತಿನ್‌ನ ಕಾರು ಹಾಲಿನ ಬಾಗಿಲಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು. ಅದರಲ್ಲಿ ಈಗ ಯಾವ ಟಯರ್ ಇದೆ ಎಂದು ಅಂಗಾರ ಕೇಳಲಿಲ್ಲ. ಮಳೆಯಿತ್ತು, ಜನರಿದ್ದರು, ನಗು ಇನ್ನೂ ಇಂಗಿರಲಿಲ್ಲ.

ಡಿಸೆಂಬರಿನಲ್ಲಿ ಒಂದು ಹೂವಿನಷ್ಟೂ ಹಿಮ ಬೀಳಲಿಲ್ಲ. ಜನವರಿಯ ಒಂದು ಬೆಳಿಗ್ಗೆ, ಎರಡು ಡಿಗ್ರಿ ಚಳಿ, ತುಂತುರು ಮಳೆ. ನಿತಿನ್ ಹೆಂಡತಿ ಪ್ರಭಾಳನ್ನು ಆಫೀಸಿಗೆ ಬಿಡಲು ಹೊರಟಿದ್ದ. ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ ಮುಂದಿದ್ದ ಲಾರಿ ನಿಂತಿತು. ನಿತಿನ್ ಬ್ರೇಕ್ ಒತ್ತಿದ. ಕಾರು ನಿಲ್ಲಲಿಲ್ಲ, ಒದ್ದೆ ನೆಲದ ಮೇಲೆ ಸೋಪಿನಂತೆ ಜಾರಿಕೊಂಡು ಹೋಗಿ ಲಾರಿಯ ಹಿಂಬದಿಗೆ ಎಡಪಕ್ಕ ಬಡಿಯಿತು. ಇಲ್ಲಿಯ ಕಾರುಗಳಲ್ಲಿ ಸ್ಟಿಯರಿಂಗ್ ಎಡಕ್ಕೆ; ಎಡಗಡೆ ಕೂತದ್ದು ಅವನು, ಬಲಗಡೆ ಪ್ರಭಾ. ಆದರೆ ಕಾರು ಗಿರಕಿ ಹೊಡೆದು ಕಬ್ಬಿಣದ ಬೇಲಿಗೆ ಅಪ್ಪಳಿಸಿದ್ದು ಅವಳ ಕಡೆಯಿಂದ. ಅವನಿಗೆ ತರಚು ಗಾಯ. ಅವಳ ಬಲತೊಡೆಯ ಮೂಳೆ ಎರಡು ಕಡೆ ಮುರಿದಿತ್ತು.

ಅಂಗಾರನಿಗೆ ಸುದ್ದಿ ಗೊತ್ತಾದದ್ದು ಕನ್ನಡಿಗರ ವಾಟ್ಸಾಪ್ ಗುಂಪಿನಿಂದ. ಕೆಳಗೆ ಯಾರೋ ಬರೆದಿದ್ದರು: "ವಿಂಟರ್ ಟಯರ್ ಬೇಡ ಅಂತ ಯಾರೋ ಅಡ್ವೈಸ್ ಕೊಟ್ಟಿದ್ರಂತೆ." ಹೆಸರಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಶುಭಾ ನೀರುದೋಸೆ ಮಾಡಿ ಡಬ್ಬಿಗೆ ಹಾಕಿಕೊಂಡಳು. ಇಬ್ಬರೂ ಆಸ್ಪತ್ರೆಗೆ ಹೋದರು. ನಿತಿನ್ ಡಬ್ಬಿ ತೆಗೆದುಕೊಂಡು, ಅಂಗಾರನ ಮುಖ ನೋಡದೆ, "ನೀವೇ ಹೇಳಿದ್ರಲ್ಲ ಸಾರ್" ಎಂದ.

"ನಾನು ಆಲ್ ಸೀಸನ್ ಹಾಕಿದ್ರೆ ಸಾಕು ಅಂತ ಹೇಳಿದ್ದು ನಿತಿನ್. ನಿಮ್ಮ ಕಾರಲ್ಲಿ ಇದ್ದದ್ದು..."

"ಬೇಡ ಅಂದ್ರಿ. ಆರಾಮಾಗಿರಿ ಅಂದ್ರಿ. ಅಷ್ಟು ಜನ ಕೇಳಿಸ್ಕೊಂಡಿದ್ದಾರೆ."

ಹಾಸಿಗೆಯಲ್ಲಿದ್ದ ಪ್ರಭಾ ಕಣ್ಣು ತೆರೆದಳು. ಅವಳ ದನಿ ಸಣ್ಣಗಿತ್ತು, ಮಾತು ಮಾತ್ರ ತೊದಲಲಿಲ್ಲ. "ಇನ್ಮೇಲೆ ಯಾರಿಗೂ ಏನೂ ಹೇಳೋಕೆ ಹೋಗ್ಬೇಡಿ ಅಂಗಾರ ಅವ್ರೇ. ಟಯರ್ ಹಾಕೋದು ನಿಮ್ಮ ಕೆಲ್ಸ. ಹಾಕಿ."

ಮನೆಗೆ ಬರುವ ಬಸ್ಸಿನಲ್ಲಿ ಶುಭಾ ಕೇಳಿದಳು. "ಅವರ ಕಾರಲ್ಲಿ ಯಾವ ಟಯರ್ ಉಂಟು ಅಂತ ಅವತ್ತು ನೀವು ಕೇಳಿದಿರಾ?"

"ಮಳೆ ಬರ್ತಾ ಇತ್ತು," ಎಂದ ಅಂಗಾರ.

"ಒಂದು ಸಲ ಹೋಗಿ ನೋಡಬಹುದಿತ್ತಲ್ಲ," ಎಂದಳು ಅವಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಜಗಳವಾದರೂ ಆಡುತ್ತಿದ್ದ.

ಮರುದಿನ ಅವನು ನಜ್ಜುಗುಜ್ಜಾದ ಕಾರನ್ನು ಎಳೆದು ಹಾಕಿದ್ದ ಗುಜರಿ ಅಂಗಳಕ್ಕೆ ಹೋದ. ಅಲ್ಲಿಯ ಕಾವಲುಗಾರನಿಗೆ ಇವನ ಪರಿಚಯವಿತ್ತು. ಹಿಂದಿನ ಟಯರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳಿನ ಉಗುರು ಒತ್ತಿದ. ರಬ್ಬರ್ ತಗ್ಗಲಿಲ್ಲ, ತೆಂಗಿನ ಚಿಪ್ಪಿನ ಹಾಗಿತ್ತು. ಬೇಸಿಗೆಯ ಟಯರ್, ಅದೂ ಹತ್ತು ವರ್ಷ ಹಳೆಯದು. ತಯಾರಾದ ವಾರ, ವರ್ಷ ಪಕ್ಕದಲ್ಲೇ ಅಚ್ಚಾಗಿತ್ತು. ಟಯರಿನ ಪಕ್ಕದ ಮೈಯಲ್ಲಿ ಕೂದಲಿನಂಥ ಬಿರುಕುಗಳು. ಇದು ಮೇ ತಿಂಗಳ ಮಳೆಗೂ ಲಾಯಕ್ಕಾಗಿರಲಿಲ್ಲ. ಅವತ್ತು ಆ ಮೂವತ್ತು ಹೆಜ್ಜೆ ನಡೆದಿದ್ದರೆ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು. ಬೈಕಂಪಾಡಿಯಲ್ಲಾಗಿದ್ದರೆ ಮುಟ್ಟಿ ನೋಡದೆ ಅವನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ.

ಫೋಟೋ ತೆಗೆದ. ಎರಡು ದಿನ ಯೋಚಿಸಿ ಗುಂಪಿಗೆ ಹಾಕಿದ. ಜೊತೆಗೆ ಬರೆದ: ಚಳಿಗಾಲದ ಟಯರ್ ಹಾಕದೆ ಇದ್ದದ್ದಲ್ಲ ಕಾರಣ, ಈ ಟಯರ್ ಮುದಿಯಾಗಿತ್ತು, ನೋಡದೆ ಮಾತಾಡಿದ್ದು ನನ್ನ ತಪ್ಪು, ದಯವಿಟ್ಟು ಎಲ್ಲರೂ ನಿಮ್ಮ ನಿಮ್ಮ ಟಯರಿನ ವರ್ಷ ನೋಡಿಕೊಳ್ಳಿ. ನೂರಾರು ಜನ ಓದಿದರು. ಒಬ್ಬರು ಉತ್ತರಿಸಿದರು: "ಪ್ರಭಾ ಇಷ್ಟು ನೋವಲ್ಲಿರುವಾಗ ಬ್ಲೇಮ್ ಗೇಮ್ ಬೇಡ ಪ್ಲೀಸ್." ಅದಕ್ಕೆ ಇಪ್ಪತ್ತೆಂಟು ಹೆಬ್ಬೆಟ್ಟುಗಳು ಬಿದ್ದವು. ಯಾರಾದರೂ ತಮ್ಮ ಟಯರಿನ ವರ್ಷ ನೋಡಿಕೊಂಡರೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ.

ಯುಗಾದಿಯ ಕೂಟಕ್ಕೆ ಶುಭಾ ಒಬ್ಬಳೇ ಹೋದಳು. ಪ್ರಭಾ ಕೋಲೂರಿಕೊಂಡು ಬಂದಿದ್ದಳಂತೆ.

ಮತ್ತೆ ಅಕ್ಟೋಬರ್ ಬಂತು. ಅಂಗಡಿಯ ಮುಂದೆ ಕಾರುಗಳ ಸಾಲು. ಪ್ರತಿಯೊಬ್ಬರದ್ದೂ ಅದೇ ಪ್ರಶ್ನೆ, ಡಚ್‌ನಲ್ಲಿ: ಇವು ನನಗೆ ನಿಜವಾಗಿ ಬೇಕೇ? ಅಂಗಾರ ಎಲ್ಲರಿಗೂ ಒಂದೇ ಉತ್ತರ ಕೊಟ್ಟ, ಬೇಕು. ಮೊದಲೆಲ್ಲ ಗಿರಾಕಿಗಳನ್ನು ಬರಿಗೈಯಲ್ಲಿ ಕಳಿಸುತ್ತಾನೆಂದು ಗೊಣಗುತ್ತಿದ್ದ ಮ್ಯಾನೇಜರ್ ಈಗ ಎಲ್ಲರೆದುರು ಅವನನ್ನು ಹೊಗಳಿದ. ಆ ತಿಂಗಳು ಅತಿ ಹೆಚ್ಚು ಚಳಿಗಾಲದ ಟಯರ್ ಮಾರಿದವನು ಅಂಗಾರ.

ಒಂದು ಶುಕ್ರವಾರ ಎಂಬತ್ತು ದಾಟಿದ ಮುದುಕಿಯೊಬ್ಬಳು ಪುಟ್ಟ ಕಾರಿನಲ್ಲಿ ಬಂದಳು. ವಾರಕ್ಕೊಮ್ಮೆ ಸೂಪರ್‌ಮಾರ್ಕೆಟ್, ಭಾನುವಾರ ಚರ್ಚು, ಅಷ್ಟೇ ಓಡಾಟ. ಹಿಮ ಬಿದ್ದರೆ ಹೊರಗೇ ಬರುವುದಿಲ್ಲ ಎಂದು ಅವಳೇ ಹೇಳಿದಳು. ಅಂಗಾರ ಬಗ್ಗಿ ನೋಡಿದ. ಒಳ್ಳೆಯ ಆಲ್ ಸೀಸನ್ ಟಯರ್, ಹೋದ ವರ್ಷದ್ದು, ಮೆತ್ತಗಿತ್ತು, ಹಿಡಿತದ ಗೀರುಗಳು ಸವೆಯದೆ ಇನ್ನೂ ಆಳವಾಗಿದ್ದವು.

"ಹಾಕಿಸಲೇಬೇಕಾ?" ಎಂದು ಕೇಳಿದಳು.

"ಹೌದು ಮೇಡಂ," ಎಂದ ಅಂಗಾರ. ನಾಲ್ಕೂ ಬದಲಿಸಿದ.

ಹೊರಡುವಾಗ ಅವಳು ಅವನ ಕೈ ಹಿಡಿದು, ನೀನು ಪ್ರಾಮಾಣಿಕ ಮನುಷ್ಯ, ನನ್ನ ಚಿಂತೆ ಕಳೆದೆ ಎಂದಳು. ಅವನು ಗ್ರೀಸ್ ಹತ್ತಿದ ಕೈಯನ್ನು ಮೆಲ್ಲನೆ ಬಿಡಿಸಿಕೊಂಡು, ಮುಂದಿನ ಕಾರಿನವನನ್ನು ಒಳಗೆ ಕರೆದ.